ಸಿನಾಲಜಿ ಡಿಎಸ್220+: ಅಳಿಸಿಹೋದ ಫೈಲ್ ಮರಳಿ ಕೊಡುವ ಪೆಟ್ಟಿಗೆ

ಸಿನಾಲಜಿ ಡಿಎಸ್220+ ನಮ್ಮ ಮನೆಗೆ ಬಂದು ವರ್ಷಗಳೇ ಆದವು. 2020ರಲ್ಲಿ ಬಿಡುಗಡೆಯಾದ, ಎರಡು ಹಾರ್ಡ್ ಡಿಸ್ಕ್ ಹಿಡಿಸುವ ನ್ಯಾಸ್ ಇದು; ಎಂದರೆ ಮನೆಯ ನೆಟ್‌ವರ್ಕ್‌ಗೆ ಜೋಡಿಸಿ ಎಲ್ಲರೂ ಫೈಲ್ ಇಡುವ ಪೆಟ್ಟಿಗೆ. ಒಳಗಿರುವುದು ಇಂಟೆಲ್ ಸೆಲೆರಾನ್ ಪ್ರೊಸೆಸರ್, 2 ಜಿಬಿ ರ‍್ಯಾಮ್. ಇದಕ್ಕಿಂತ ಚುರುಕಾದ ಮಾದರಿಗಳು ಈಗ ಬಂದಿವೆ. ಆದರೂ ಇದನ್ನು ಬದಲಿಸುವ ಯೋಚನೆ ನನಗಿಲ್ಲ. ಮನೆಯಲ್ಲಿ ಯಾರು ಏನು ಅಳಿಸಿದರೂ ಇದರಿಂದ ಮರಳಿ ಸಿಕ್ಕಿದೆ. ವೇಗ, ಸದ್ದು, ವಿದ್ಯುತ್ ಖರ್ಚಿನ ವಿಷಯ ಬಿಟ್ಟು ಅದೊಂದರ ಬಗ್ಗೆಯೇ ಬರೆಯುತ್ತೇನೆ.

ನ್ಯಾಸ್ ಕೊಳ್ಳುವ ಬಹಳಷ್ಟು ಜನ ಎರಡು ಡಿಸ್ಕ್ ಹಾಕಿ ರೇಡ್ (ಒಂದೇ ಮಾಹಿತಿಯನ್ನು ಎರಡೂ ಡಿಸ್ಕ್‌ಗಳಲ್ಲಿ ಬರೆಯುವ ವ್ಯವಸ್ಥೆ) ಮಾಡಿದರೆ ಫೈಲ್‌ಗಳು ಭದ್ರ ಎಂದುಕೊಳ್ಳುತ್ತಾರೆ. ರೇಡ್ ಕಾಯುವುದು ಡಿಸ್ಕ್ ಕೆಟ್ಟಾಗ ಮಾತ್ರ. ಫೈಲ್ ಅಳಿಸಿದರೆ ಅದು ಎರಡೂ ಡಿಸ್ಕ್‌ಗಳಿಂದ ಒಟ್ಟಿಗೇ ಹೋಗುತ್ತದೆ. ಅಲ್ಲದೆ ವಿಂಡೋಸ್ ಕಂಪ್ಯೂಟರಿನಿಂದ ನೆಟ್‌ವರ್ಕ್ ಫೋಲ್ಡರಿನಲ್ಲಿರುವುದನ್ನು ಅಳಿಸಿದರೆ, ಅದು ಆ ಕಂಪ್ಯೂಟರಿನ ರಿಸೈಕಲ್ ಬಿನ್‌ಗೂ ಬರುವುದಿಲ್ಲ.

ಸಿನಾಲಜಿಯಲ್ಲಿ ಇದಕ್ಕೆ ಮೊದಲ ಆಸರೆ ಎಂದರೆ ಪ್ರತಿ ಹಂಚಿಕೆಯ ಫೋಲ್ಡರಿಗೂ ಇರುವ ಪ್ರತ್ಯೇಕ ರಿಸೈಕಲ್ ಬಿನ್. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಅದನ್ನು ಆನ್ ಮಾಡಿರಬೇಕು. ಆಮೇಲೆ ಅಳಿಸಿದ್ದೆಲ್ಲ ‘#ರಿಸೈಕಲ್’ ಎಂಬ ಫೋಲ್ಡರಿಗೆ ಹೋಗಿ ಕೂರುತ್ತದೆ. ನಮ್ಮ ಅಜ್ಜಿ ಹಾಡಿದ ಸೋಬಾನೆ ಪದಗಳ ಧ್ವನಿಮುದ್ರಣ ಈ ನ್ಯಾಸ್‌ನಲ್ಲಿದೆ; ಅಜ್ಜಿ ಈಗಿಲ್ಲ. ತಂಗಿಯ ಮಗ ಜಾಗ ಖಾಲಿ ಮಾಡಲು ಹೋಗಿ ಆ ಫೋಲ್ಡರನ್ನೇ ಅಳಿಸಿದ್ದ. ಅಡ್ಮಿನ್ ಖಾತೆಯಿಂದ, ನ್ಯಾಸ್‌ನ ಫೈಲ್‌ಗಳನ್ನು ತೋರಿಸುವ ‘ಫೈಲ್ ಸ್ಟೇಷನ್’ ತೆರೆದು ನೋಡಿದರೆ, ‘ಆರತಿ’, ‘ಎಣ್ಣೆಶಾಸ್ತ್ರ’, ‘ಹೆಣ್ಣೊಪ್ಪಿಸುವುದು’ ಎಂದು ಕನ್ನಡದಲ್ಲಿ ಬರೆದಿಟ್ಟ ಒಳಫೋಲ್ಡರುಗಳು ಹೆಸರು, ಕ್ರಮ ಯಾವುದೂ ಕೆಡದೆ ಅಲ್ಲೇ ಇದ್ದವು. ರೈಟ್ ಕ್ಲಿಕ್ ಮಾಡಿ ರಿಸ್ಟೋರ್ ಒತ್ತಿದೆ. ಹಳೆಯ ಜಾಗಕ್ಕೇ ಬಂದು ಸೇರಿದವು. ಈ ಬಿನ್‌ಗೆ ಪ್ರವೇಶ ಅಡ್ಮಿನ್‌ಗೆ ಮಾತ್ರ ಇರುವಂತೆ ಮಾಡಿಡಿ. ಇಲ್ಲದಿದ್ದರೆ ಜಾಗ ಖಾಲಿ ಮಾಡಲು ಹೊರಟವರು ಬಿನ್ ಅನ್ನೂ ಖಾಲಿ ಮಾಡಿಬಿಡುತ್ತಾರೆ.

ಅಳಿಸಿದ ಫೈಲಿಗೆ ರಿಸೈಕಲ್ ಬಿನ್ ಸಾಕು. ತಪ್ಪಾಗಿ ತಿದ್ದಿ ಸೇವ್ ಮಾಡಿದ ಫೈಲಿಗೆ ಅದು ಏನೂ ಮಾಡಲಾರದು, ಏಕೆಂದರೆ ಅಲ್ಲಿ ಯಾವುದೂ ಅಳಿಸಿರುವುದಿಲ್ಲ. ಅಣ್ಣ ಅಡಕೆ ತೋಟದ ಕೂಲಿ ಲೆಕ್ಕವನ್ನು ಎಕ್ಸೆಲ್‌ನಲ್ಲಿ ಇಟ್ಟಿದ್ದಾನೆ. ಒಮ್ಮೆ ಅದರಲ್ಲಿ ಹೆಸರಿನ ಕಾಲಂ ಮಾತ್ರ ಅಕಾರಾದಿಯಾಗಿ ಸಾರ್ಟ್ ಆಗಿ, ಒಬ್ಬರ ಹೆಸರಿನ ಮುಂದೆ ಇನ್ನೊಬ್ಬರ ದುಡ್ಡು ಬಂದು ಕೂತಿತ್ತು. ಗೊತ್ತಾಗಿದ್ದು ಬಟವಾಡೆಯ ದಿನ. ಆಗ ಕೈಹಿಡಿದದ್ದು ಸ್ನ್ಯಾಪ್‌ಶಾಟ್, ಎಂದರೆ ಫೋಲ್ಡರ್ ಒಂದು ಹೊತ್ತಿನಲ್ಲಿ ಹೇಗಿತ್ತೋ ಆ ಸ್ಥಿತಿಯನ್ನು ಹಿಡಿದಿಡುವ ಸೌಲಭ್ಯ. ವಿಂಡೋಸ್ ಕಂಪ್ಯೂಟರಿನಲ್ಲಿ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ನಲ್ಲಿ ‘ಪ್ರೀವಿಯಸ್ ವರ್ಶನ್ಸ್’ ತೆರೆದರೆ ದಿನಾಂಕ, ಗಂಟೆಯ ಸಮೇತ ಹಳೆಯ ರೂಪಗಳ ಪಟ್ಟಿ ಇರುತ್ತದೆ. ಸಾರ್ಟ್ ಆಗುವ ಮುಂಚಿನದನ್ನು ನಕಲು ಮಾಡಿಕೊಂಡೆವು. ಕೂಲಿಯವರಿಗೆ ಅಂದೇ ಸರಿಯಾದ ಲೆಕ್ಕದಲ್ಲಿ ದುಡ್ಡು ಸಂದಿತು.

ಈ ಸೌಲಭ್ಯ ಸಾಧ್ಯವಾಗುವುದು ಬಿಟಿಆರ್‌ಎಫ್‌ಎಸ್ ಎಂಬ ಫೈಲ್ ವ್ಯವಸ್ಥೆಯಿಂದ, ಎಂದರೆ ಡಿಸ್ಕ್‌ನಲ್ಲಿ ಫೈಲ್‌ಗಳನ್ನು ಬರೆದಿಡುವ ವಿಧಾನದಿಂದ. ಫೈಲ್ ಬದಲಾದಾಗ ಅದು ಹಳೆಯ ಮಾಹಿತಿಯ ಮೇಲೆಯೇ ಬರೆಯದೆ ಹೊಸ ಜಾಗದಲ್ಲಿ ಬರೆಯುತ್ತದೆ. ಹಳೆಯದನ್ನು ಬಿಟ್ಟುಕೊಡದಂತೆ ಸ್ನ್ಯಾಪ್‌ಶಾಟ್ ಹಿಡಿದಿಡುತ್ತದೆ. ಹಾಗಾಗಿ ಸ್ನ್ಯಾಪ್‌ಶಾಟ್ ತೆಗೆದ ಕ್ಷಣದಲ್ಲಿ ಹೆಚ್ಚು ಜಾಗ ಬೇಡ. ಆದರೆ ದೊಡ್ಡ ವಿಡಿಯೊ ಅಳಿಸಿದರೂ, ಅದನ್ನು ಹಿಡಿದಿರುವ ಸ್ನ್ಯಾಪ್‌ಶಾಟ್‌ಗಳು ಹೋಗುವವರೆಗೆ ಡಿಸ್ಕ್‌ನಲ್ಲಿ ಜಾಗ ಬಿಡುವಾಗುವುದಿಲ್ಲ. ಕನಿಷ್ಠ 5 ನಿಮಿಷಕ್ಕೊಂದರಂತೆ ತೆಗೆಯಬಹುದಾದರೂ ಮನೆಗೆ ಗಂಟೆಗೊಂದು ಧಾರಾಳ.

ಇದನ್ನು ನಿಭಾಯಿಸುವ ‘ಸ್ನ್ಯಾಪ್‌ಶಾಟ್ ರೆಪ್ಲಿಕೇಶನ್’ ತಂತ್ರಾಂಶವನ್ನು ನಾವೇ ಪ್ಯಾಕೇಜ್ ಸೆಂಟರಿನಿಂದ ಹಾಕಿಕೊಳ್ಳಬೇಕು. ಇಷ್ಟು ಮುಖ್ಯವಾದದ್ದು ಮೊದಲೇ ಚಾಲೂ ಇರಬೇಕಿತ್ತು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅದರಲ್ಲಿರುವ ರಿಸ್ಟೋರ್ ಬಗ್ಗೆ ಒಂದು ಎಚ್ಚರ: ಅದು ಒಂದು ಫೈಲನ್ನಲ್ಲ, ಇಡೀ ಹಂಚಿಕೆಯ ಫೋಲ್ಡರನ್ನು ಆ ಹೊತ್ತಿನ ಸ್ಥಿತಿಗೆ ಒಯ್ಯುತ್ತದೆ. ಆಮೇಲೆ ಸೇರಿಸಿದ್ದೆಲ್ಲ ಕಾಣೆಯಾಗುತ್ತದೆ. ಒಂದೆರಡು ಫೈಲ್ ಬೇಕಿದ್ದರೆ ಸ್ನ್ಯಾಪ್‌ಶಾಟ್ ಒಳಹೊಕ್ಕು ಬೇಕಾದಷ್ಟನ್ನೇ ನಕಲು ಮಾಡಿಕೊಳ್ಳಿ.

ಇವೆರಡೂ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಗೆಳೆಯರೊಬ್ಬರ ಮನೆಯಲ್ಲಿ ಕಣ್ಣಾರೆ ಕಂಡೆ. ಅವರ ನ್ಯಾಸ್ ಬೇರೆ ಕಂಪನಿಯದು. ಅದರಲ್ಲಿ ಬಿನ್ ಆನ್ ಇರಲಿಲ್ಲ, ಸ್ನ್ಯಾಪ್‌ಶಾಟ್ ಸೌಲಭ್ಯವೂ ಇರಲಿಲ್ಲ. ಮಗಳ ನಾಮಕರಣದ ಚಿತ್ರಗಳು ಅಳಿಸಿಹೋಗಿದ್ದವು. ಹೊಸದಾಗಿ ಬರೆದಷ್ಟೂ ಹಳೆಯದು ಅಳಿಯುವುದರಿಂದ ಕೂಡಲೇ ಪೆಟ್ಟಿಗೆ ಆಫ್ ಮಾಡಿಸಿ, ಡಿಸ್ಕ್ ಹೊರತೆಗೆದು, ಮೊದಲು ಅದರ ಪೂರ್ತಿ ನಕಲು ಮಾಡಿ, ಲಿನಕ್ಸ್ ಕಂಪ್ಯೂಟರಿನಲ್ಲಿ ಫೋಟೊರೆಕ್ ಎಂಬ ಉಚಿತ ತಂತ್ರಾಂಶ ಓಡಿಸಿದೆವು. ಅದು ಫೈಲ್ ವ್ಯವಸ್ಥೆಯನ್ನು ನೆಚ್ಚದೆ, ಡಿಸ್ಕ್ ಉದ್ದಕ್ಕೂ ಚಿತ್ರದ ಗುರುತುಗಳನ್ನು ಹುಡುಕುತ್ತ ಹೋಗುತ್ತದೆ. ಚಿತ್ರಗಳು ಬಹುಪಾಲು ಬಂದವು. ಆದರೆ ಹೆಸರೂ ಇಲ್ಲ, ಫೋಲ್ಡರೂ ಇಲ್ಲ. ಹೆಸರಿನ ಜಾಗದಲ್ಲಿ ‘ಎಫ್’ ಅಕ್ಷರದ ಮುಂದೆ ಉದ್ದುದ್ದ ಅಂಕಿಗಳು, ಎಂದೋ ಬೇಡವೆಂದು ಅಳಿಸಿದ್ದ ಚಿತ್ರಗಳೂ ಅದೇ ರಾಶಿಯಲ್ಲಿ. ಡಿಸ್ಕ್‌ನಲ್ಲಿ ಚೂರುಚೂರಾಗಿ ಹರಡಿಕೊಂಡಿದ್ದ ಉದ್ದನೆಯ ವಿಡಿಯೊಗಳು ತೆರೆಯಲೇ ಇಲ್ಲ. ಆ ತಾಯಿ ಒಂದೊಂದೇ ಚಿತ್ರ ತೆರೆದು, ಮಗಳದು ಯಾವುದು ಎಂದು ಆರಿಸುತ್ತ ಕೂತಿದ್ದು ನೋಡಿ ನನಗೆ ತುಂಬಾ ಸಂಕಟವಾಯಿತು.

ಸ್ನ್ಯಾಪ್‌ಶಾಟ್ ಇದ್ದರೂ ಅದಿರುವುದು ಅದೇ ಡಿಸ್ಕ್‌ಗಳಲ್ಲಿ. 2021ರ ಜೂನ್‌ನಲ್ಲಿ ವೆಸ್ಟರ್ನ್ ಡಿಜಿಟಲ್‌ನ ಹಳೆಯ ಮೈ ಬುಕ್ ಲೈವ್ ಸಾಧನಗಳು ಇಂಟರ್ನೆಟ್ ಮೂಲಕ ನಡೆದ ದಾಳಿಯಲ್ಲಿ ಫ್ಯಾಕ್ಟರಿ ರಿಸೆಟ್ ಆಗಿ, ಅನೇಕರ ಮಾಹಿತಿ ಪೂರ್ತಿ ಅಳಿಸಿಹೋಗಿತ್ತು. ಅದಕ್ಕೇ ನಾನು ಸಿನಾಲಜಿಯ ‘ಹೈಪರ್ ಬ್ಯಾಕಪ್’ ತಂತ್ರಾಂಶದಿಂದ ಯುಎಸ್‌ಬಿ ಡಿಸ್ಕ್‌ಗೆ ಇನ್ನೊಂದು ಪ್ರತಿ ತೆಗೆದು, ಆ ಡಿಸ್ಕನ್ನು ಕಳಚಿ ಬೀರುವಿನಲ್ಲಿಡುತ್ತೇನೆ.

ಕೊಳ್ಳುವವರು ಡಿಸ್ಕ್ ಎಷ್ಟು ಹಿಡಿಯುತ್ತದೆ ಎಂದು ಕೇಳುವ ಮೊದಲು ಬಿಟಿಆರ್‌ಎಫ್‌ಎಸ್ ಇದೆಯೇ ಎಂದು ಕೇಳಿ. ಅಗ್ಗದ ಡಿಎಸ್220ಜೆ ಮಾದರಿಯಲ್ಲಿ ಅದಿಲ್ಲ. ಅದು ಇಎಕ್ಸ್‌ಟಿ4 ಎಂಬ ಇನ್ನೊಂದು ಫೈಲ್ ವ್ಯವಸ್ಥೆಯ ಮೇಲೆ ನಡೆಯುತ್ತದೆ, ರಿಸೈಕಲ್ ಬಿನ್ ಇದ್ದರೂ ಸ್ನ್ಯಾಪ್‌ಶಾಟ್ ಇಲ್ಲ. ಪ್ಲಸ್ ಮಾದರಿ ಕೊಂಡರೂ ಮೊದಲ ಸಲ ವಾಲ್ಯೂಮ್ (ಡಿಸ್ಕ್‌ಗಳ ಮೇಲೆ ಫೈಲ್ ಇಡಲು ಕಟ್ಟುವ ಜಾಗ) ರಚಿಸುವಾಗಲೇ ಬಿಟಿಆರ್‌ಎಫ್‌ಎಸ್ ಆರಿಸಿ. ಇಎಕ್ಸ್‌ಟಿ4 ಆರಿಸಿ ಮುಂದೆ ಮನಸ್ಸು ಬದಲಾದರೆ, ಎಲ್ಲವನ್ನೂ ಬೇರೆಡೆಗೆ ಸಾಗಿಸಿ ವಾಲ್ಯೂಮ್ ಅಳಿಸಿ ಹೊಸದಾಗಿ ಕಟ್ಟಬೇಕಾಗುತ್ತದೆ.