ದಾವಣಗೆರೆ ಪಿ.ಜೆ. ಬಡಾವಣೆಯ ಸಿಇಟಿ ಮಾರ್ಗದರ್ಶನ ಕೇಂದ್ರ: ಪೋಷಕರಿಗೆ ಉಪಯೋಗವಿದೆಯೇ?

ಪಿಯುಸಿ ಮಕ್ಕಳ ತಂದೆತಾಯಿಗೆಂದೇ ನಡೆಯುವ ತರಗತಿಯಿದು. ಮೊದಲೇ ಬಿಡಿಸಿ ಹೇಳುವ ಮಾತು: ಎಂಜಿನಿಯರಿಂಗ್ ರ್‍ಯಾಂಕಿಗೆ ಸಿಇಟಿ (ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷೆ) ಅಂಕ ಅರ್ಧ, ದ್ವಿತೀಯ ಪಿಯುಸಿಯ ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಅಂಕ ಇನ್ನರ್ಧ. ಹಾಗಾಗಿ ಬೋರ್ಡ್ ಪರೀಕ್ಷೆ ಕಡೆಗಣಿಸಿದರೆ ರ್‍ಯಾಂಕೇ ಕುಸಿಯುತ್ತದೆ. ಮೆಡಿಕಲ್‌ಗೆ ನೀಟ್ ಎಂಬ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಬೇಕು. ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ನೀಟ್‌ನಲ್ಲಿ ಒಂದು ಅಂಕ ಹೋಗುತ್ತದೆ.

ದಾಖಲೆಗಳ ಭಾಗವೇ ಅತ್ಯುತ್ತಮ. ಜಗಳೂರು, ಹೊನ್ನಾಳಿ ಕಡೆಯ ಹಳ್ಳಿಯವರು ಇದನ್ನು ತಪ್ಪಿಸಲೇಬಾರದು. ಗ್ರಾಮೀಣ ಮೀಸಲಾತಿಗೆ 1ರಿಂದ 10ನೇ ತರಗತಿವರೆಗೂ ಹಳ್ಳಿ ಶಾಲೆಯಲ್ಲೇ ಓದಿರಬೇಕು. ನಡುವೆ ಒಂದು ವರ್ಷ ಪೇಟೆಯಲ್ಲಿ ಓದಿದ್ದರೂ ಸಿಗದು. ವ್ಯಾಸಂಗ ಪತ್ರಕ್ಕೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ, ಜಾತಿ-ಆದಾಯ ಪತ್ರದ ಆರ್‌ಡಿ ಸಂಖ್ಯೆ (ಪತ್ರದ ಮೇಲಿರುವ ಗುರುತಿನ ಸಂಖ್ಯೆ), ಎಲ್ಲದರಲ್ಲೂ ಹತ್ತನೇ ಅಂಕಪಟ್ಟಿಯ ಹೆಸರೇ ಇದೆಯೇ ಎಂದು ಒಂದೊಂದನ್ನೂ ನೋಡಿಕೊಡುತ್ತಾರೆ.

ಸೀಟು ಹಂಚಿಕೆಯನ್ನು ಮಾತ್ರ ಅವಸರದಲ್ಲಿ ಮುಗಿಸುತ್ತಾರೆ, ಇದು ದೊಡ್ಡ ಕೊರತೆ. ಸೀಟು ಸಿಕ್ಕ ಮೇಲೆ ಏನು ಮಾಡುತ್ತೀರೆಂದು ತಿಳಿಸುವ ಆಯ್ಕೆಗಳೇ ಚಾಯ್ಸ್. ಚಾಯ್ಸ್ 2 ಎಂದರೆ ಸೀಟು ಉಳಿಸಿಕೊಂಡು ಮುಂದಿನ ಸುತ್ತಿಗೆ ಕಾಯುವುದು, 3 ಎಂದರೆ ಸಿಕ್ಕ ಸೀಟು ಬಿಟ್ಟುಕೊಟ್ಟು ಮುಂದಿನ ಸುತ್ತಿಗೆ ಹೋಗುವುದು. ಇಲ್ಲೇ ಹೆಚ್ಚು ಮಂದಿ ಎಡವುತ್ತಾರೆ. ಎರಡು ಸಲ ಕೇಳಿ, ಬರೆದುಕೊಳ್ಳಿ.