9 ಇಂಚಿನ ಅಮೆರಿಕನ್ ಮಾದರಿ ಚಾಕುವೋ, ಕುಲುಮೆಯ ಕತ್ತಿಯೋ: ಮಲೆನಾಡಿನ ಕೆಲಸಕ್ಕೆ ಯಾವುದು?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಕುಲುಮೆಯಲ್ಲಿ ಬಡಿಸಿದ ಕತ್ತಿಗೆ. ಆದರೂ ಇಷ್ಟು ಬರೆಯುತ್ತಿರುವುದಕ್ಕೆ ಕಾರಣ ಇದೆ. ಕ್ಯಾಂಪಿಂಗ್ ವಿಡಿಯೋ ನೋಡಿ ದೊಡ್ಡ ಚಾಕು ಕೊಳ್ಳುವ ಆಸೆ ನಮ್ಮ ಶಿರಸಿ, ಸಾಗರ ಕಡೆಯ ಹುಡುಗರಲ್ಲಿ ಜಾಸ್ತಿಯಾಗಿದೆ. ಹತ್ತು ಸಾವಿರದ ಮೇಲೆ ಖರ್ಚು ಮಾಡುವ ಮೊದಲು ನಮ್ಮ ಮಳೆಯಲ್ಲಿ, ನಮ್ಮ ಬೆಟ್ಟದಲ್ಲಿ ಅದು ಹೇಗೆ ನಡೆಯುತ್ತದೆ ಅಂತ ಗೊತ್ತಿರಬೇಕು ಅಲ್ವಾ?

ನಾನು ತರಿಸಿದ್ದು ಮಡಚಲು ಬಾರದ, ನೇರ ಅಲಗಿನ ಚಾಕು. 1095 ಅನ್ನುವ ಕಾರ್ಬನ್ ಉಕ್ಕು, ಮೇಲೆ ಕಪ್ಪು ಲೇಪ, ಬೆನ್ನು ಸುಮಾರು 5 ಮಿ.ಮೀ. ದಪ್ಪ. ಅದರ ಎದುರಿಗೆ ನಿಂತದ್ದು ಲಾರಿಯ ಸ್ಪ್ರಿಂಗ್ ಪ್ಲೇಟಿನಿಂದ ಬಡಿಸಿದ, ಮೂತಿ ಒಳಕ್ಕೆ ಬಾಗಿದ ನಮ್ಮ ಕತ್ತಿ. ತೆಳು ಅಲಗಿನ ಉದ್ದ ಮಚ್ಚೊಂದನ್ನೂ ಬಳಸಿ ನೋಡಿದೆ. ಅದು ಹಸಿ ಹುಲ್ಲು, ಎಳೆ ಪೊದೆಗೆ ಚೆನ್ನ. ಕಟ್ಟಿಗೆ ಕೆಲಸಕ್ಕೆ ಬಾರದು. ಅದರ ವಿಷಯ ಅಷ್ಟೇ ಸಾಕು.

ಚಾಕುವಿನ ಅಲಗಿನ ಬಗ್ಗೆ ನನಗೆ ದೂರಿಲ್ಲ. ತಲೆನೋವು ಅಂದರೆ ಅದರ ಒರೆ.

ಒರೆಗೆ ಬೆಲ್ಟ್ ಬೇಕು. ತೋಟಕ್ಕೆ ಹೋಗುವಾಗ ಬೆಲ್ಟ್ ಯಾರು ಹಾಕುತ್ತಾರೆ? ನಾನು ಉಡುವುದು ಪಂಚೆ, ಇಲ್ಲದಿದ್ದರೆ ಹಳೇ ಚಡ್ಡಿ. ಹಗ್ಗ ಕಟ್ಟಿ ನೇತುಹಾಕಿದರೆ ಒರೆ ತೊಡೆಗೆ ಬಡಿಯುತ್ತಲೇ ಇರುತ್ತದೆ. ಧರೆ ಹತ್ತುವಾಗ ಮುಂದಕ್ಕೆ ಬರುತ್ತದೆ, ಕೂತರೆ ತುದಿ ನೆಲಕ್ಕೆ ತಾಗಿ ಹಿಡಿ ಪಕ್ಕೆಗೆ ಚುಚ್ಚುತ್ತದೆ.

ಅದನ್ನಾದರೂ ಸಹಿಸಬಹುದು. ಚಾಕುವನ್ನು ವಾಪಸ್ ಒಳಗೆ ಹಾಕುವುದೇ ದೊಡ್ಡ ರಗಳೆ. ಒಂದು ಕೈಯಲ್ಲಿ ಒರೆಯ ಬಾಯಿ ಹಿಡಿಯಬೇಕು, ಕಣ್ಣು ಕೆಳಗೆ ಹಾಯಿಸಬೇಕು, ತುದಿ ಸರಿಯಾಗಿ ಕೂರಿಸಬೇಕು, ಆಮೇಲೆ ಗುಂಡಿ ಒತ್ತಬೇಕು. ಬೇಲಿ ಸವರುವಾಗ ಎರಡು ಹೆಜ್ಜೆಗೊಮ್ಮೆ ಕೈ ಖಾಲಿ ಮಾಡಬೇಕಾಗುತ್ತದೆ. ಕೊಂಬೆ ಎಳೆಯಬೇಕು, ಬಳ್ಳಿ ಬಿಡಿಸಬೇಕು. ಪ್ರತಿ ಸಲ ಈ ಪೂಜೆ ಮಾಡುತ್ತಾ ಕೂರಲು ಆಗುವುದಿಲ್ಲ.

ಮಳೆಗಾಲದಲ್ಲಿ ಇನ್ನೂ ಕಷ್ಟ. ಒರೆಯ ಒಳಗೆ ಗಟ್ಟಿ ಪ್ಲಾಸ್ಟಿಕ್, ಹೊರಗೆ ನೈಲಾನ್ ಬಟ್ಟೆ. ನೀರು ಇಳಿಯಲಿ ಅಂತ ತಳದಲ್ಲಿ ತೂತು ಇಟ್ಟಿದ್ದಾರೆ. ಆದರೆ ತರಗೆಲೆಯ ಚೂರು, ಅಲಗಿಗೆ ಅಂಟಿದ ಕೆಸರು ಎಲ್ಲ ಇಳಿದು ಅದೇ ತೂತು ಮುಚ್ಚಿಹೋಗುತ್ತದೆ. ಒಳಗೆ ನೀರು ನಿಲ್ಲುತ್ತದೆ. 1095 ಉಕ್ಕಿನಲ್ಲಿ ಇಂಗಾಲ ಶೇ. 1ರ ಹತ್ತಿರ ಇರುತ್ತದೆ. ತುಕ್ಕು ತಡೆಯುವಷ್ಟು ಕ್ರೋಮಿಯಂ ಇರುವುದಿಲ್ಲ. ಲೇಪ ಇರುವ ಕಡೆ ಪರವಾಗಿಲ್ಲ, ಮಸೆದ ಬಾಯಿಗೆ ಲೇಪ ಎಲ್ಲಿಂದ ಬರಬೇಕು? ರಾತ್ರಿ ಮರೆತು ಬಿಟ್ಟರೆ ಬೆಳಿಗ್ಗೆ ತುದಿಯ ಹತ್ತಿರ ಕೆಂಪು ಚುಕ್ಕೆ ಎದ್ದಿರುತ್ತದೆ. ಹಾಗಾಗಿ ದಿನಾ ಸಂಜೆ ಚಾಕು ಹೊರಗೆ ತೆಗೆದು ಒರೆಸಿ, ಕೊಬ್ಬರಿ ಎಣ್ಣೆ ಸವರಿ, ಒರೆಯನ್ನು ತಲೆಕೆಳಗಾಗಿ ಒಲೆ ಹತ್ತಿರ ನೇತುಹಾಕಬೇಕು. ಆಟಿ ತಿಂಗಳಲ್ಲಿ ಆ ನೈಲಾನ್ ಒಣಗುವುದೇ ಇಲ್ಲ, ಬೂಸಲು ಹಿಡಿಯುತ್ತದೆ.

ಈಗ ನಮ್ಮ ಕತ್ತಿಕೊಕ್ಕೆ ನೋಡಿ, ಅಂದರೆ ಒರೆಯ ಬದಲು ಕತ್ತಿ ಸಿಕ್ಕಿಸಿಕೊಳ್ಳುವ ತೆರೆದ ಕೊಕ್ಕೆ. ಹಗ್ಗದಲ್ಲಿ ಸೊಂಟಕ್ಕೆ ಕಟ್ಟಿದರೆ ಬೆನ್ನ ಹಿಂದೆ ಕೂರುತ್ತದೆ. ಪಂಚೆಯ ಮೇಲೂ ಸರಿ, ಬರಿ ಮೈಗೂ ಸರಿ. ಕೈ ಹಿಂದೆ ಹೋದರೆ ಹಿಡಿ ಸಿಗುತ್ತದೆ. ಕೆಲಸ ಮುಗಿದರೆ ನೋಡದೆಯೇ ಸಂದಿಗೆ ತೂರಿಸಬಹುದು. ಅಲಗು ಗಾಳಿಗೆ ತೆರೆದಿರುತ್ತದೆ, ನೀರು ತಾನಾಗೇ ಇಳಿದುಹೋಗುತ್ತದೆ. ಕತ್ತಿಯ ಉಕ್ಕಿಗೂ ತುಕ್ಕು ಬರುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಒದ್ದೆಯಲ್ಲಿ ಮುಳುಗಿ ಕೂರುವುದಿಲ್ಲವಲ್ಲ. ಕೊಡವರು ಒಡಿಕತ್ತಿಯನ್ನು ಬೆನ್ನ ಹಿಂದಿನ ಲೋಹದ ತೊಡಂಗಿಗೆ ಸಿಕ್ಕಿಸುವುದೂ ಇದೇ ರೀತಿ. ಇಷ್ಟು ಮಳೆ ಬೀಳುವ ಊರುಗಳಲ್ಲಿ ತೆರೆದ ಕೊಕ್ಕೆ ಸುಮ್ನೆ ಉಳಿದುಬಂದಿಲ್ಲ. ಒಂದು ಎಚ್ಚರಿಕೆ ಮಾತ್ರ ಬೇಕು: ಅಲಗು ತೆರೆದಿರುವುದರಿಂದ ಜಾರುವ ಇಳಿಜಾರಿನಲ್ಲಿ ಕತ್ತಿಯನ್ನು ಕೈಯಲ್ಲಿ ಹಿಡಿದು ಇಳಿಯುವುದೇ ಕ್ಷೇಮ.

ಕಡಿಯುವುದರಲ್ಲೂ ಕತ್ತಿಯೇ ಮುಂದೆ. ಭಾರ ಮೂತಿಯ ಕಡೆ ಇರುವುದರಿಂದ ತೋಳಿಗೆ ಆಯಾಸ ಕಡಿಮೆ. ಬಾಗಿದ ಮೂತಿಯಲ್ಲಿ ಲಂಟಾನದ ಮುಳ್ಳುಕೊಂಬೆಯನ್ನು ಹತ್ತಿರಕ್ಕೆ ಎಳೆದುಕೊಂಡೇ ಕಡಿಯಬಹುದು. ನೇರ ಚಾಕು ಹಿಡಿದರೆ ಆ ಕೊಂಬೆಗೆ ಇನ್ನೊಂದು ಕೈ ಹಾಕಬೇಕು.

ಬಿದಿರು ಇಬ್ಬರಿಗೂ ಕಷ್ಟವೇ. ಅದರ ಹೊರಸಿಪ್ಪೆಯಲ್ಲಿ ಸಿಲಿಕಾ ಇರುತ್ತದೆ, ಎಂಥ ಬಾಯಿಯನ್ನೂ ಬೇಗ ಮೊಂಡು ಮಾಡುತ್ತದೆ. ಚಾಕು ಹರಿತವನ್ನು ಹೆಚ್ಚು ಹೊತ್ತು ಹಿಡಿದುಕೊಂಡಿತು, ಆದರೆ ಒಣ ಗಂಟಿಗೆ ಬಿದ್ದು ಸಣ್ಣಗೆ ಮುಕ್ಕಾಯಿತು. ಸ್ಪ್ರಿಂಗ್ ಉಕ್ಕಿನಲ್ಲಿ ಇಂಗಾಲ ಅದಕ್ಕಿಂತ ಕಡಿಮೆ, ಸಾಮಾನ್ಯವಾಗಿ ಶೇ. 0.5ರಿಂದ 0.65. ಅದಕ್ಕೇ ಅದು ಪೆಟ್ಟು ತಾಳುತ್ತದೆ. ಕತ್ತಿಯ ಬಾಯಿ ಸ್ವಲ್ಪ ಮಡಚಿತು, ಮಸೆಗಲ್ಲಿಗೆ ಹಿಡಿದ ಕೂಡಲೇ ಸರಿಯಾಯಿತು. ಚಾಕುವಿನ ಮುಕ್ಕು ತೆಗೆಯಲು ತುಂಬಾ ಹೊತ್ತು ಬೇಕಾಯಿತು.

ಚಾಕು ಗೆದ್ದ ಕೆಲಸಗಳೂ ಇವೆ. ಸಣ್ಣ ಕಟ್ಟಿಗೆಯ ಮೇಲೆ ಅಲಗಿಟ್ಟು ಬೆನ್ನಿಗೆ ಕೊರಡಿನಿಂದ ಹೊಡೆದರೆ ನೇರವಾಗಿ ಸೀಳುತ್ತದೆ. ಕತ್ತಿಯ ಬಾಗು ಅದಕ್ಕೆ ಒಗ್ಗುವುದಿಲ್ಲ. ಬೆಂಕಿ ಹಚ್ಚಲು ತೆಳು ಹೆರೆ ತೆಗೆಯುವುದು, ತರಕಾರಿ ಹೆಚ್ಚುವುದು, ಗೂಟದ ತುದಿ ಚೂಪು ಮಾಡುವುದು ಚಾಕುವಿನಲ್ಲೇ ಚಂದ.

ಹಿಡಿಯಲ್ಲೂ ಚಾಕು ಮೇಲು. ಅಲಗಿನ ಉಕ್ಕೇ ಹಿಡಿಯ ಕೊನೆತನಕ ಹೋಗಿದೆ, ಅಲುಗಾಡುವ ಮಾತೇ ಇಲ್ಲ. ಕತ್ತಿಯ ಮರದ ಹಿಡಿ ಬೇಸಿಗೆಯಲ್ಲಿ ಒಣಗಿ ಸಡಿಲವಾಗುತ್ತದೆ. ರಾತ್ರಿ ನೀರಲ್ಲಿಟ್ಟರೆ ಬಿಗಿಯಾಗುತ್ತದೆ, ಆದರೆ ಅದು ಸ್ವಲ್ಪ ದಿನದ ಮಾತು. ಮಾರ್ಚ್ ಬಂದರೆ ಒಮ್ಮೆ ಕುಲುಮೆಗೆ ಒಯ್ದು ಹಿಡಿ ಕೂರಿಸಿಕೊಂಡು ಬರುವುದು ನನ್ನ ರೂಢಿ.

ಕಾನೂನನ್ನೂ ತಿಳಿದಿರಿ. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗು ಆಯುಧಗಳ ಪಟ್ಟಿಗೆ ಸೇರುತ್ತದೆ. ಮನೆ ಬಳಕೆಗೆ, ಕೃಷಿಗೆ ಅಂತ ಮಾಡಿದ್ದನ್ನು ಅದರಿಂದ ಹೊರಗಿಟ್ಟಿದ್ದಾರೆ. ಕೊಳ್ಳುವ ಮುಂಚೆ ಅಳತೆ ನೋಡಿಕೊಳ್ಳಿ. ಯಾವುದನ್ನೇ ಆಗಲಿ ಸೊಂಟಕ್ಕೆ ಕಟ್ಟಿಕೊಂಡು ಪೇಟೆ ಸುತ್ತಬೇಡಿ.

ಕತ್ತಿಗೆ ನಾನು ಕೊಟ್ಟದ್ದು ಸಾವಿರದೊಳಗೆ. ಬಾಯಿ ಹೋದರೆ, ಹದ ಬಿಟ್ಟರೆ ಅದೇ ಕುಲುಮೆಯಲ್ಲಿ ಮತ್ತೆ ಹದ ಹಾಕಿಸಬಹುದು. ದಿನಾ ಬೇಲಿ, ಸೊಪ್ಪು, ಕಟ್ಟಿಗೆ ಅಂತ ಓಡಾಡುವ ನನಗೆ ಬೇರೆ ಬೇಡ. ನೀವು ಬೆಂಗಳೂರಿನಿಂದ ಬೇಸಿಗೆಯಲ್ಲಿ ಟೆಂಟ್ ಹಾಕಲು ಬರುವವರು, ಬ್ಯಾಗಿನಲ್ಲಿಟ್ಟು ಒಯ್ಯುವವರು ಆದರೆ ಚಾಕು ತೆಗೆದುಕೊಳ್ಳಿ, ನಿಮಗೆ ಒರೆ ಬೇಕೇ ಬೇಕು. ಕತ್ತಿ ಮಾಡಿಸುವವರು ಕಮ್ಮಾರರ ಹತ್ತಿರ ಹೋದಾಗ ಎರಡು ವಿಷಯ ಮರೆಯದೆ ಹೇಳಿ: ಎಂಥ ಕೆಲಸಕ್ಕೆ ಬೇಕು ಅಂತ, ಆಮೇಲೆ ಹಿಡಿ ನಿಮ್ಮ ಕೈಯ ಅಳತೆಗೆ ಇರಲಿ ಅಂತ. ಕೊಕ್ಕೆಯನ್ನೂ ಅದೇ ಕತ್ತಿಯ ಅಗಲಕ್ಕೆ ಸರಿಯಾಗಿ ಮಾಡಿಸಿ. ಸಂದಿ ದೊಡ್ಡದಾದರೆ ಬಗ್ಗಿದಾಗ ಕತ್ತಿ ಜಾರುತ್ತದೆ.