ಮೈಸೂರಿನಲ್ಲಿ ಸಿಗುವ ಐದು ಎತ್ತರದ ಸ್ಟೀಲ್ ಹರ್ಡಲ್ಸ್ ಸೆಟ್: ಕೊಳ್ಳುವ ಮುನ್ನ ಇಷ್ಟು ನೋಡಿ

ಮೈಸೂರಿನ ಕ್ರೀಡಾ ಸಾಮಗ್ರಿ ಅಂಗಡಿಗಳಲ್ಲಿ ಶಾಲೆ-ಕಾಲೇಜುಗಳಿಗೆಂದು ಮಾರುವ ಹರ್ಡಲ್‌ಗಳ (ಓಟದಲ್ಲಿ ಹಾರಿ ದಾಟುವ ತಡೆಗಳ) ಪೈಕಿ ದುಡ್ಡು ಹಾಕಲು ಯೋಗ್ಯವಾದದ್ದು ಒಂದೇ ಬಗೆ: ಐದು ಎತ್ತರಕ್ಕೆ ಹೊಂದಿಸಬಹುದಾದ, ತಳದ ಪೈಪಿನಲ್ಲಿ ಸರಿಯುವ ತೂಕದ ಗುಂಡು ಇರುವ ಸ್ಟೀಲ್ ಮಾದರಿ. ಮನೆ ಗೇಟಿನಂತೆ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ್ದು ಅಗ್ಗವೇನೋ ಹೌದು, ಆದರೆ ಅದು ಬೀಳುವುದಿಲ್ಲ. ಬೀಳದ ಹರ್ಡಲ್‌ಗೆ ಒಮ್ಮೆ ಮೊಣಕಾಲು ಬಡಿಸಿಕೊಂಡ ಹುಡುಗಿ ಮರುದಿನದಿಂದ ಅದರ ಹತ್ತಿರ ಬರುತ್ತಲೇ ವೇಗ ತಗ್ಗಿಸುತ್ತಾಳೆ, ದಾಟುವ ಬದಲು ಮೇಲಕ್ಕೆ ನೆಗೆಯುತ್ತಾಳೆ. ಆ ಅಭ್ಯಾಸ ಬಿಡಿಸುವುದು ಬಹಳ ಕಷ್ಟ.

ಬಣ್ಣ, ಫಿನಿಶಿಂಗ್ ಆಮೇಲೆ ನೋಡಿದರಾಯಿತು. ಮೇಲಿನ ಪಟ್ಟಿಯ ನಡುವೆ 3.6ರಿಂದ 4 ಕೆಜಿ ಬಲ ಬಿದ್ದರೆ ಹರ್ಡಲ್ ಉರುಳಬೇಕು ಎಂಬುದು ನಿಯಮ. ಸೂಟ್‌ಕೇಸ್ ತೂಗುವ ಕೊಕ್ಕೆ ತಕ್ಕಡಿಯೊಂದನ್ನು ಅಂಗಡಿಗೆ ಒಯ್ಯಿರಿ. ಸಮತಟ್ಟಾದ ನೆಲದ ಮೇಲೆ ಹರ್ಡಲ್ ನಿಲ್ಲಿಸಿ, ಪಟ್ಟಿಯ ಮಧ್ಯಕ್ಕೆ ದಾರದ ಕುಣಿಕೆ ಹಾಕಿ, ಓಡುವ ದಿಕ್ಕಿನತ್ತಲೇ, ನೆಲಕ್ಕೆ ಸಮಾನಾಂತರವಾಗಿ ನಿಧಾನಕ್ಕೆ ಎಳೆಯಿರಿ. ತಳದ ತುದಿ ನೆಲ ಬಿಟ್ಟೇಳುವ ಗಳಿಗೆಯ ಅಂಕಿಯೇ ನಿಮಗೆ ಬೇಕಾದದ್ದು. ಎತ್ತರಕ್ಕೆ ತಕ್ಕಂತೆ ಗುಂಡು ಸರಿಸಿಕೊಂಡು ಐದೂ ಎತ್ತರದಲ್ಲಿ ಪರೀಕ್ಷಿಸಿ. ಪರೀಕ್ಷೆಗೆ ಒಪ್ಪದ ಅಂಗಡಿಯಲ್ಲಿ ಕೊಳ್ಳಲೇಬೇಡಿ.

ಈ ಮಾದರಿಯ ದೊಡ್ಡ ಗುಣ ಆ ಗುಂಡು. ತರಬೇತಿ ಕೊಡುವವರು ಮರೆಯುವುದೂ ಅದನ್ನೇ. 106.7 ಸೆಂ.ಮೀ. ಎತ್ತರದಲ್ಲಿ 3.6 ಕೆಜಿಗೆ ಬೀಳುವಂತೆ ಇಟ್ಟ ಗುಂಡನ್ನು ಮುಟ್ಟದೆ ಪಟ್ಟಿಯನ್ನಷ್ಟೇ 76.2ಕ್ಕೆ ಇಳಿಸಿದರೆ, ಬೀಳಿಸಲು ಸುಮಾರು 5 ಕೆಜಿ ಬೇಕಾಗುತ್ತದೆ. ಪಟ್ಟಿ ಕೆಳಗಿಳಿದಷ್ಟೂ ಸನ್ನೆಯ (ಲಿವರ್‌ನ) ಉದ್ದ ಕಡಿಮೆಯಾಗುತ್ತದೆ, ಅದಕ್ಕೇ ಹೀಗೆ. ಅಂದರೆ ಎಲ್ಲರಿಗಿಂತ ಚಿಕ್ಕವರ ಪಾಲಿಗೇ ಎಲ್ಲಕ್ಕಿಂತ ಗಟ್ಟಿ ಹರ್ಡಲ್ ಬರುತ್ತದೆ! ಎತ್ತರ ಇಳಿಸಿದಾಗ ಗುಂಡನ್ನು ಕಂಬದ ಕಡೆಗೆ, ಏರಿಸಿದಾಗ ತಳದ ತುದಿಯ ಕಡೆಗೆ ಸರಿಸಬೇಕು. ಹರ್ಡಲ್ ಇಡುವಾಗ ತಳದ ಕಾಲುಗಳು ಓಟಗಾರ ಬರುವ ಕಡೆಗೇ ಚಾಚಿರಲಿ. ತಿರುಗಿಸಿ ಇಟ್ಟರೆ ಅದು ಉರುಳದೆ ಕಾಲಿಗೆ ತೊಡರುತ್ತದೆ.

ಓಡುವಾಗ ಹರ್ಡಲ್ ಬಿದ್ದರೆ ಅಷ್ಟಕ್ಕೇ ತಪ್ಪಲ್ಲ, ಕೈಯಿಂದಲೋ, ಮೈಯಿಂದಲೋ, ಮುಂದಿನ ಕಾಲಿನ ಮೇಲ್ಬದಿಯಿಂದಲೋ ಬೀಳಿಸಿದರೆ ಅನರ್ಹತೆ. 2023ರಲ್ಲಿ ಚೀನಾದ ಚೆಂಗ್ಡುವಿನಲ್ಲಿ 100 ಮೀಟರ್ ಹರ್ಡಲ್ಸ್‌ನಲ್ಲಿ 12.78 ಸೆಕೆಂಡಿಗೆ ಗುರಿ ಮುಟ್ಟಿದ ಭಾರತದ ಜ್ಯೋತಿ ಯರ್ರಾಜಿ, 2024ರಲ್ಲಿ ಫಿನ್ಲೆಂಡಿನಲ್ಲಿ 110 ಮೀಟರ್ ಹರ್ಡಲ್ಸ್ ಅನ್ನು 13.41ಕ್ಕೆ ಓಡಿದ ಭಾರತದವರೇ ಆದ ತೇಜಸ್ ಶಿರ್ಸೆ ಅವರ ಮಟ್ಟದ ವೇಗಕ್ಕೆ ಪಟ್ಟಿಯನ್ನು ಸವರುವಷ್ಟು ತಗ್ಗಿನಲ್ಲೇ ದಾಟಬೇಕು. ತಾಗಿದರೆ ಬೀಳುತ್ತದೆ ಎಂಬ ನಂಬಿಕೆ ಚಿಕ್ಕಂದಿನಲ್ಲೇ ಮೈಗೂಡದಿದ್ದರೆ ಅಷ್ಟು ತಗ್ಗಿನಲ್ಲಿ ದಾಟಲು ಯಾರಿಗೂ ಧೈರ್ಯ ಬಾರದು.

ಐದು ಎತ್ತರ ಇದ್ದರೆ ಒಂದೇ ಸೆಟ್ ಸೀನಿಯರ್ ಹಂತದವರೆಗೂ ಬರುತ್ತದೆ. ಹುಡುಗರಿಗೆ 18ರೊಳಗೆ 91.4, 20ರೊಳಗೆ 99.1, ಆಮೇಲೆ 106.7 ಸೆಂ.ಮೀ.; ಹುಡುಗಿಯರಿಗೆ 18ರೊಳಗೆ 76.2, ಆಮೇಲೆ 83.8. ಅಂತರ ಮಾತ್ರ ಬದಲಾಗದು. ಹುಡುಗರಿಗೆ ಮೊದಲ ಹರ್ಡಲ್‌ಗೆ 13.72 ಮೀಟರ್, ನಡುವೆ 9.14, ಹುಡುಗಿಯರಿಗೆ 13 ಮತ್ತು 8.5. ಹೊಸಬರಿಗೆ ನಡುವಿನ ಮೂರು ಹೆಜ್ಜೆ ಸಲೀಸಾಗಿ ಬೀಳುವ ತನಕ ಅಂತರವನ್ನು ಅರ್ಧದಿಂದ ಒಂದು ಮೀಟರ್ ತಗ್ಗಿಸಿಕೊಳ್ಳಿ.

ಕೊರತೆಗಳೂ ಇವೆ. ಎತ್ತರ ಹಿಡಿದಿಡುವ ಸ್ಪ್ರಿಂಗ್ ಗುಂಡಿ ಮಳೆಗಾಲದಲ್ಲಿ ತುಕ್ಕು ಹಿಡಿದು ಒಳಗೇ ಕೂರುತ್ತದೆ. ಆಗ ಪಟ್ಟಿ ಒಂದು ಕಡೆ ಜಾರಿ ಓರೆಯಾಗುತ್ತದೆ. ಆಗಾಗ ಒಂದು ಹನಿ ಎಣ್ಣೆ ಬಿಡಿ, ನಾಲ್ಕಾರು ಗುಂಡಿ ಹೆಚ್ಚಿಗೆ ಕೇಳಿ ತನ್ನಿ. ಪಟ್ಟಿಯ ಸ್ಕ್ರೂ ತಲೆ ಹೊರಗೆ ಚಾಚಿದ್ದರೆ ಹಿಂದಿನಿಂದ ಬರುವ ಕಾಲಿನ ಮೊಣಕಾಲು, ಹರಡು ಕೆತ್ತಿಹೋಗುತ್ತದೆ, ಬೆರಳಾಡಿಸಿ ನೋಡಿ. ಕಂಬ ತಳಕ್ಕೆ ಸೇರುವ ಕಡೆ ವೆಲ್ಡಿಂಗ್ ಸುತ್ತಲೂ ಇರಬೇಕು, ಎರಡು ಚುಕ್ಕೆ ಹಾಕಿ ಬಿಟ್ಟದ್ದು ಬೇಗ ಬಿರುಕು ಬಿಡುತ್ತದೆ.

ಮೈಸೂರಿನ ಚಾಮುಂಡಿ ವಿಹಾರ ಕ್ರೀಡಾಂಗಣದಂಥ ಕಡೆ ಸಿಂಥೆಟಿಕ್ ಟ್ರ್ಯಾಕ್‌ನಲ್ಲಿ ಇವು ಅಲುಗದೆ ನಿಲ್ಲುತ್ತವೆ. ಮಂಡ್ಯ ಕಡೆಯ ಮಣ್ಣಿನ ಮೈದಾನಗಳಲ್ಲಿ ತಳದ ಒಂದು ತುದಿ ಹೂತರೂ ಬೀಳುವ ಬಲ ಬದಲಾಗುತ್ತದೆ, ಅಲ್ಲಿ ಕಾಲು ಕೂರುವ ಜಾಗವನ್ನು ದಿಮ್ಮಸು ಹೊಡೆದು ಮಟ್ಟ ಮಾಡಿಕೊಳ್ಳಬೇಕು.

ಸ್ಪರ್ಧೆಯಲ್ಲಿರುವ ಹತ್ತೂ ಹರ್ಡಲ್ ಅಭ್ಯಾಸಕ್ಕೆ ಬೇಕಿಲ್ಲ, ಒಂದು ಲೇನ್‌ಗೆ ಐದು ಸಾಕು. ಒಂದೊಂದೂ ಕನಿಷ್ಠ 10 ಕೆಜಿ ತೂಗಬೇಕಾದ್ದರಿಂದ ಬೈಕಿನ ಮಾತಿಲ್ಲ, ಗೂಡ್ಸ್ ಆಟೋ ಮಾಡಿಕೊಂಡೇ ಹೋಗಿ.